ರಾಜಕೀಯ ಬ್ಯಾಡಂದ ಕಟಿಂಗ್ ಶಾಪು

ಮಾನ್ವಿಯ ರೈಸ್ ಮಿಲ್ಲೊಂದರಲ್ಲಿ ಮಷಿನ್ ರಿಪೇರಿ ಮುಗಿಸಿ, ರಾಯಚೂರಿನ ಬಸ್ ಹತ್ತುವ ಮುನ್ನ ಗಡ್ಡ ಮಾಡಿಸಲು ಒಂದು ಕಟಿಂಗ್ ಶಾಪಿಗೆ ಹೋದೆ. ಮೈಯೆಲ್ಲ ತೌಡಿನ ಧೂಳು, ಮಾತಾಡುವ ಶಕ್ತಿಯೂ ಇರಲಿಲ್ಲ. ಬೆಂಚಿನ ಮೇಲೆ ಪೇಪರ್ ಹಿಡಿದು ಕೂತಿದ್ದ ಇಬ್ಬರು ಹಿರಿಯರಲ್ಲಿ ಒಬ್ಬರು ಸರ್ಕಾರದ ಸುದ್ದಿ ತೆಗೆಯುತ್ತಲೇ ಅಂಗಡಿಯವ ಗದರಿದ.

"ಇಲ್ಲಿ ರಾಜಕೀಯ ಬ್ಯಾಡ್ರಿ. ಹೋದ ಎಲೆಕ್ಷನ್ಯಾಗ ಬಡದಾಡಿ ಕುರ್ಚಿ ಮುರದಾರ. ಮನಿ ಮಾತು ಮಾತಾಡ್ರಿ."

ತಾನೇ ಶುರು ಮಾಡಿದ. ನನ್ನ ಊರು ಕೇಳಿದ, ಪಗಾರ ಕೇಳಿದ. ಆಮೇಲೆ ಗಂಟಲಿಗೆ ಕತ್ತಿ ಹಿಡಿದು, "ಮಕ್ಕಳೆಷ್ಟು ಮಂದಿ ರೀ?" ಅಂದ.

ಯಾವಾಗಲೂ ಏನೋ ಹೇಳಿ ತಪ್ಪಿಸಿಕೊಳ್ಳುತ್ತೇನೆ. ಅವತ್ತಿನ ದಣಿವಿಗೆ ಸುಳ್ಳೂ ಹೊಳೆಯಲಿಲ್ಲ.

"ಒಬ್ಬಾಕಿ ಮಗಳಿದ್ಲು. ಹೋದ ವರ್ಷ ಜ್ವರ ಬಂದು ತೀರಿಕೊಂಡ್ಲು."

ಮನೆಯಲ್ಲಿ ಹೆಂಡತಿಯ ಮುಂದೆಯೂ ನಾನು ಆ ಮಾತು ಎತ್ತುವುದಿಲ್ಲ. ನನ್ನ ಕಣ್ಣು ತುಂಬಿದ್ದು ಕನ್ನಡಿಯಲ್ಲಿ ಎಲ್ಲರಿಗೂ ಕಾಣುತ್ತಿತ್ತು. ಗಂಟಲಿನ ಮೇಲೆ ಕತ್ತಿ ಇದ್ದುದರಿಂದ ಮುಖ ತಿರುಗಿಸುವಂತೆಯೂ ಇರಲಿಲ್ಲ.

ಅಂಗಡಿಯವ ಕತ್ತಿ ಕೆಳಗಿಟ್ಟ. ಅರ್ಧ ಗಡ್ಡ ಉಳಿದಿದ್ದರೂ ಟವೆಲಿನಿಂದ ನನ್ನ ಇಡೀ ಮುಖ, ಕಣ್ಣುಗಳ ಸಮೇತ, ಮೆತ್ತಗೆ ಒರೆಸಿದ. ಮತ್ತೆ ಬೆಂಚಿನ ಕಡೆ ತಿರುಗಿ, "ಯಪ್ಪಾ, ಸರ್ಕಾರದ್ದು ಏನೋ ಹೇಳಾಕತ್ತಿದ್ರಲ್ಲ, ಹೇಳ್ರಿ ಈಗ," ಅಂದ.

ಹಿರಿಯರಿಗೂ ಅರ್ಥವಾಗಿತ್ತು. ಒಬ್ಬರು ಹೊಗಳಿದರು, ಇನ್ನೊಬ್ಬರು ಬೈದರು, ಜಗಳದ ಸದ್ದು ರಸ್ತೆಗೂ ಕೇಳುವಂತಾಯಿತು. ನನ್ನ ಕಡೆ ಯಾರೂ ನೋಡಲಿಲ್ಲ. ಹೊಸದಾಗಿ ನೊರೆ ಹಚ್ಚಿಸಿಕೊಂಡು ಕೂತ ನಾನೂ ಸ್ವಲ್ಪ ಹೊತ್ತಿಗೆ ದನಿ ಏರಿಸಿ ಬೈದೆ, ನಾನೇ ಓಟು ಹಾಕಿದ್ದ ಪಕ್ಷವನ್ನು.