ಒಗ್ಗರಣೆಗೆ ಮೊದಲಿನ ಸೌಟು

ಲಗ್ಗೆರೆಯ ಈ ಅಡ್ಡರಸ್ತೆಗೆ ಇನ್ನೂ ಹಾಲಿನ ವ್ಯಾನ್ ಬಂದಿಲ್ಲ. ಮುನಿಲಕ್ಷ್ಮಮ್ಮನವರ ಅಡುಗೆಮನೆಯಲ್ಲಿ ಮಾತ್ರ ಲೈಟ್ ಉರಿಯುತ್ತಿದೆ. ನೆಲದ ಮೇಲಿನ ದೊಡ್ಡ ಗ್ಯಾಸ್ ಒಲೆಯ ಮೇಲೆ, ಇಬ್ಬರು ಸೇರಿ ಎತ್ತಬೇಕಾದಂಥ ಅಲ್ಯೂಮಿನಿಯಂ ದಬರಿ. ಅದರೊಳಗೆ ಅಕ್ಕಿ, ತೊಗರಿಬೇಳೆ, ಸಿಹಿಕುಂಬಳ, ಕ್ಯಾರೆಟ್ ಒಟ್ಟಿಗೆ ಬೇಯುತ್ತಿವೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಮುನಿಲಕ್ಷ್ಮಮ್ಮ ಉದ್ದ ಹಿಡಿಯ ಸೌಟಿನಿಂದ ತಳ ಕೆದಕುತ್ತಾರೆ, ಒಂದು ಅಗುಳು ಹಿಸುಕಿ ನೋಡುತ್ತಾರೆ. ಇನ್ನೇನು ಉಪ್ಪು ಹಾಕುತ್ತಾರೆ ಎಂದು ನಾನು ಕಾಯುತ್ತೇನೆ. ಅವರು ಉಪ್ಪಿನ ಡಬ್ಬಿಯ ಕಡೆ ತಿರುಗಿಯೂ ನೋಡುವುದಿಲ್ಲ. ಪಕ್ಕದಲ್ಲಿದ್ದ ಅಗಲ ಬೇಸಿನ್ ಎಳೆದುಕೊಂಡು, ಸೌಟು ಸೌಟಾಗಿ ಸಪ್ಪೆ ಅನ್ನವನ್ನು ಅದಕ್ಕೆ ಬಡಿಸತೊಡಗುತ್ತಾರೆ.

ಪತ್ರಿಕೆಗೆ ಬರೆಯಲೆಂದು ಬಂದ ನಾನು ಇದನ್ನೆಲ್ಲ ನೋಡುತ್ತಿರುವುದು ಹೊಸ್ತಿಲಿನ ಆಚೆ ನಿಂತು. ಹೊಸ್ತಿಲಿಗೆ ಅಡ್ಡಲಾಗಿ ಕಡ್ಲೆ ಮಲಗಿದೆ. ಹುರಿದ ಕಡಲೆಬೀಜದ ಬಣ್ಣದ ಬೀದಿನಾಯಿ ಅದು. ನಾಯಿಯ ವಿಷಯದಲ್ಲಿ ನಾನು ಚಿಕ್ಕಂದಿನಿಂದಲೂ ಪುಕ್ಕಲ.

"ದಾಟ್ಕೊಂಡು ಬನ್ನಿ ಸಾರ್, ಏನೂ ಮಾಡಲ್ಲ. ಅನ್ನ ಆರೋವರೆಗೂ ಅದರ ಕಣ್ಣಿಗೆ ಬೇರೆ ಯಾರೂ ಕಾಣಲ್ಲ," ಎನ್ನುತ್ತಾರೆ ಮುನಿಲಕ್ಷ್ಮಮ್ಮ. ಕಡ್ಲೆ ಒಂದು ಕಣ್ಣು ತೆರೆದು ನನ್ನನ್ನು ಅಳೆಯುತ್ತದೆ. ನಾನು ನಿಂತಲ್ಲೇ ನಿಲ್ಲುತ್ತೇನೆ.

"ಇದು ನಾಯಿಗಳ ಪಾಲು," ಎಂದು ಅವರು ಬೇಸಿನ್ನನ್ನು ಫ್ಯಾನಿನ ಕೆಳಗೆ ಇಡುತ್ತಾರೆ. "ಮೊದಲು ಇದು. ಆಮೇಲೆ ಉಪ್ಪು. ಆಮೇಲೆ ಒಗ್ಗರಣೆ. ಆಮೇಲೆ ನಾವು."

ಅನ್ನ ಆರಿದ ಮೇಲೆ ಅದರಿಂದ ಒಂದು ತುತ್ತು ತೆಗೆದು ತಮ್ಮ ಬಾಯಿಗೆ ಹಾಕಿಕೊಳ್ಳುತ್ತಾರೆ. ನಿಧಾನವಾಗಿ ಅಗಿದು ನುಂಗಿದ ನಂತರವೇ ನಾಯಿ ಡಬ್ಬಿಗಳಿಗೆ ತುಂಬುವ ಕೆಲಸ. ಇದು ಒಂದು ದಿನವೂ ತಪ್ಪುವುದಿಲ್ಲವಂತೆ.

ಅಷ್ಟರಲ್ಲಿ ಸಣ್ಣ ಒಲೆಯ ಮೇಲೆ ಬಾಣಲೆ ಕಾದಿದೆ. ಸಾಸಿವೆ, ಕರಿಬೇವು, ಒಣಮೆಣಸಿನಕಾಯಿ, ಜಜ್ಜಿದ ಬೆಳ್ಳುಳ್ಳಿ, ರಾಶಿ ಈರುಳ್ಳಿ. ಒಗ್ಗರಣೆ ದಬರಿಗೆ ಚುರ್ರೆಂದು ಬಿದ್ದಾಗ ಅಡ್ಡರಸ್ತೆಗೇ ಎಚ್ಚರವಾಗುತ್ತದೆ. ಪೀಣ್ಯದ ಕಾರ್ಖಾನೆಗಳ ಮೊದಲ ಪಾಳಿಗೆ ಹೊರಟವರು ಒಬ್ಬೊಬ್ಬರೇ ಬಂದು ಡಬ್ಬಿ ಎತ್ತಿಕೊಳ್ಳುತ್ತಾರೆ. ಕೆಲವರು ಎರಡು ಒಯ್ಯುತ್ತಾರೆ. ಒಂದನ್ನು ಬ್ಯಾಗಿಗೆ ತುರುಕಿಕೊಂಡು, ಇನ್ನೊಂದನ್ನು ನಾಯಿಗೆಂದು ತಮ್ಮ ಮನೆ ಬಾಗಿಲಲ್ಲಿ ಕೊಟ್ಟು ಬಸ್ ಸ್ಟಾಪಿಗೆ ಓಡುತ್ತಾರೆ.

ದಿನಕ್ಕೆ ಮನುಷ್ಯರ ಡಬ್ಬಿ ನಲವತ್ತರ ಆಸುಪಾಸು, ನಾಯಿಗಳದ್ದು ಅದರಲ್ಲಿ ಅರ್ಧ. ಹೋಟೆಲಿನ ಒಂದು ಮಸಾಲೆದೋಸೆಯ ದುಡ್ಡಿಗೆ ಒಬ್ಬ ಮನುಷ್ಯನದ್ದೂ ಅವನ ನಾಯಿಯದ್ದೂ ಮಧ್ಯಾಹ್ನದ ಊಟ ಮುಗಿಯುತ್ತದೆ. ವಾರಕ್ಕೆರಡು ದಿನ ರಾಗಿಮುದ್ದೆ, ಸೊಪ್ಪು ಹಾಕಿದ ಬೇಳೆ. ಮುದ್ದೆಯಂತೂ ಇಬ್ಬರಿಗೂ ಒಂದೇ, ಗಾತ್ರದಲ್ಲಿ ಮಾತ್ರ ವ್ಯತ್ಯಾಸ. "ಮೊಟ್ಟೆ ಬೇಕು ಅಂದ್ರೆ ನಿಮ್ಮನೇಲೇ ಬೇಯಿಸಿ ಸೇರಿಸ್ಕೊಳ್ಳಿ ಅಂತೀನಿ. ನನ್ನ ಒಲೆ ಮೇಲೆ ಬೇಳೆ, ತರಕಾರಿ ಅಷ್ಟೇ," ಎನ್ನುತ್ತಾರೆ ಮುನಿಲಕ್ಷ್ಮಮ್ಮ.

ಅಡುಗೆಮನೆಯ ಮೂಲೆಯಲ್ಲಿ ಚಾಪೆ ಹಾಕಿಕೊಂಡು ನಾಳೆಯ ಕುಂಬಳಕಾಯಿ ಹೆರೆಯುತ್ತಿರುವವರು ಅವರ ಗಂಡ ಬೈರಪ್ಪ. ಪೀಣ್ಯದ ಶೆಡ್ಡೊಂದರಲ್ಲಿ ಲೇತ್ ಮೇಲೆ ದುಡಿದವರು. ಶೆಡ್ ಮುಚ್ಚಿದಾಗ ಮನೆ ನಡೆಸಲು ಮುನಿಲಕ್ಷ್ಮಮ್ಮ ಗಂಡನ ಹಳೆಯ ಸಹೋದ್ಯೋಗಿಗಳಿಗೆ ಡಬ್ಬಿ ಕೊಡತೊಡಗಿದರು. ಒಂದು ಒಲೆ, ಒಂದು ದಬರಿ, ಅಷ್ಟೇ ಬಂಡವಾಳ. ಬೈರಪ್ಪ ಅಂದೇ ಈ ಚಾಪೆಯ ಮೇಲೆ ಕೂತರು. "ಮೊದ್ಲು ಕಬ್ಬಿಣ ಹೆರೀತಿದ್ದೆ, ಈಗ ಕುಂಬಳಕಾಯಿ," ಎನ್ನುತ್ತಾರೆ. "ಕಬ್ಬಿಣ ಹೆರೆಯೋವಾಗ ಯಾರೂ ಬೈತಿರಲಿಲ್ಲ. ಇವಳು ಸಿಪ್ಪೆ ದಪ್ಪ ಆಯ್ತು ಅಂತ ದಿನಾ ಬೈತಾಳೆ."

"ಮತ್ತೆ? ತಿರುಳೆಲ್ಲಾ ಸಿಪ್ಪೆ ಜೊತೆ ಹೋದ್ರೆ ಡಬ್ಬಿಗೇನು ಹಾಕ್ಲಿ?" ಎಂದು ಅಲ್ಲಿಂದಲೇ ಉತ್ತರ ಬರುತ್ತದೆ.

ಆ ಸಿಪ್ಪೆಯ ಜಾಡು ಹಿಡಿದೇ ಕಡ್ಲೆ ಈ ಮನೆಗೆ ಬಂದದ್ದು. ಆಗ ಅದು ಮೂಳೆ ಚಕ್ಕಳ. ಮುನಿಲಕ್ಷ್ಮಮ್ಮನವರಿಗೆ ಒಂದು ಹಠವಿತ್ತು. ತಮ್ಮ ಬಾಗಿಲಿಗೆ ಬಂದವರಿಗೆ ಸಪ್ಪೆ ಅನ್ನ ಹಾಕಬಾರದು, ಹಾಗೆ ಹಾಕುವುದು ಮುಖಕ್ಕೆ ಹೊಡೆದಂತೆ ಎಂದು. ಹಾಗಾಗಿ ಕಡ್ಲೆಗೂ ಪ್ರತಿದಿನ ಘಮಘಮ ಒಗ್ಗರಣೆ ಅನ್ನ, ಮೇಲೆ ಎರಡು ಎಸಳು ಬೆಳ್ಳುಳ್ಳಿ ಹೆಚ್ಚೇ. ಕಡ್ಲೆಯೂ ತಟ್ಟೆ ನೆಕ್ಕಿ ಹೊಳೆಯಿಸುತ್ತಿತ್ತು. ಕೆಲವು ವಾರಗಳಲ್ಲಿ ಅದು ಏಳುವುದನ್ನೇ ಬಿಟ್ಟಿತು, ವಸಡು ಬೆಳ್ಳಗಾಯಿತು. ಬೈರಪ್ಪ ಅದನ್ನು ಹೆಗಲ ಮೇಲೆ ಹಾಕಿಕೊಂಡು ಪಶು ಆಸ್ಪತ್ರೆಗೆ ಓಡಿದರು. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತವನ್ನೇ ಕೆಡಿಸುತ್ತವೆ ಎಂದು ಡಾಕ್ಟರ್ ತಿಳಿಸಿ ಹೇಳಿದರು.

"ಪ್ರೀತಿಯಿಂದ ಹಾಕಿದ್ದೇ ಅದಕ್ಕೆ ವಿಷ ಆಗಿತ್ತು ಸಾರ್. ಒಂದ್ ವಾರ ಅಳ್ತಾನೇ ಒಗ್ಗರಣೆ ಹಾಕಿದೀನಿ," ಎನ್ನುತ್ತಾರೆ ಮುನಿಲಕ್ಷ್ಮಮ್ಮ. ಕಡ್ಲೆ ಚೇತರಿಸಿಕೊಂಡಿತು. ಅಂದಿನಿಂದ ಒಗ್ಗರಣೆಗೆ ಮೊದಲಿನ ಸೌಟು ಅದರದ್ದು. ಇದನ್ನು ಕಂಡ ಅಕ್ಕಪಕ್ಕದವರು ತಮ್ಮ ನಾಯಿಗೂ ಒಂದು ಡಬ್ಬಿ ಕೇಳಿದರು. ಅಂಗಡಿಯ ಪೊಟ್ಟಣದ ಆಹಾರ ತರುವ ಶಕ್ತಿ ಈ ಬೀದಿಯಲ್ಲಿ ಎಷ್ಟು ಮನೆಗಿದೆ? ಮಾತು ಬಾಯಿಂದ ಬಾಯಿಗೆ ಹರಡಿ ಗಿರಾಕಿಗಳು ಬೆಳೆದರು. ಊಟ ಅದಲುಬದಲಾಗದಿರಲೆಂದು ನಾಯಿ ಡಬ್ಬಿಗಳ ಮುಚ್ಚಳಕ್ಕೆ ಅವರು ಕೆಂಪು ನೇಲ್ ಪಾಲಿಶಿನ ಒಂದು ಬೊಟ್ಟು ಇಟ್ಟರು.

ಆ ಬೊಟ್ಟೇ ಮುಂದೆ ಫಜೀತಿ ತಂದಿತು. ದೂರದ ಮನೆಗಳಿಗೆ ಡಬ್ಬಿ ಮುಟ್ಟಿಸುವುದು ಬಾಳೇಶನ ಕೆಲಸ. ಅಥಣಿ ಕಡೆಯಿಂದ ಬಂದು ಬೈಕ್ ಮೇಲೆ ದುಡಿಯುವ, ದೇವರು ದಿಂಡರು ಎಂದರೆ ಎರಡು ಹೆಜ್ಜೆ ಮುಂದಿರುವ ಯುವಕ. ಕಳೆದ ಆಯುಧಪೂಜೆಯ ಬೆಳಿಗ್ಗೆ ಬೈಕಿಗೆ ಹೂವು ಏರಿಸಿ, ನಿಂಬೆಹಣ್ಣು ಇಟ್ಟು, ಉಳಿದ ಕುಂಕುಮವನ್ನು ಒಂದೂ ಬಿಡದೆ ಎಲ್ಲ ಡಬ್ಬಿಗಳ ಮುಚ್ಚಳಕ್ಕೂ ಹಚ್ಚಿಬಿಟ್ಟ. ಎಲ್ಲ ಡಬ್ಬಿಗೂ ಈಗ ಕೆಂಪು ಬೊಟ್ಟು.

"ನಂದೇನ್ ತಪ್ಪ್ರಿ ಇದರಾಗ?" ಎಂದು ಬಾಳೇಶ ಇಂದಿಗೂ ಕೇಳುತ್ತಾನೆ. "ನಮ್ ಹೊಟ್ಟಿ ತುಂಬ್ಸೂ ಡಬ್ಬಿ ಅವು. ಅವತ್ತ ಅವಕ್ಕ ಕುಂಕುಮ ಹಚ್ಚಲಿಲ್ಲಂದ್ರ ಮತ್ಯಾವಾಗ ಹಚ್ಚೂದ್ರಿ?"

ಬಸವೇಶ್ವರನಗರದ ಕೀರ್ತನಾ ತಮ್ಮ ನಾಯಿ ಲಡ್ಡುವಿನ ಡಬ್ಬಿ ತೆಗೆದಾಗ ಒಗ್ಗರಣೆಯ ಘಮ ಬಂತು. ನಾಯಿಯನ್ನು ದೂರ ತಳ್ಳಿ ಕೂಡಲೇ ಫೋನ್ ಮಾಡಿದರು. "ಆಂಟಿ, ಇದು ಲಡ್ಡುದಲ್ಲ. ಲಡ್ಡುದು ಯಾರಿಗೆ ಹೋಯ್ತು?" ಆ ರಸ್ತೆಯಲ್ಲಿ ನಾಯಿ ಡಬ್ಬಿ ಹೋಗುತ್ತಿದ್ದುದು ಕೀರ್ತನಾ ಅವರ ಮನೆಗೆ ಮಾತ್ರ. ಉಳಿದವರಿಗೆಲ್ಲ ಫೋನ್ ಮಾಡಿ ವಿಚಾರಿಸಿದ ಮೇಲೆ ಉಳಿದದ್ದು ಒಂದೇ ಮನೆ, ನಿವೃತ್ತ ಮೇಷ್ಟ್ರು ವಿಶ್ವಾರಾಧ್ಯ ಅವರದ್ದು.

ಮೇಷ್ಟ್ರ ಹೆಂಡತಿ ಮಗಳ ಬಾಣಂತನಕ್ಕೆ ತುಮಕೂರಿಗೆ ಹೋಗಿದ್ದರು. ಅಂದಿನಿಂದ ಅವರಿಗೆ ಈ ಡಬ್ಬಿ. ರುಚಿ ಹಿಡಿಸಿ, ಬೆಳಗಿನ ವಾಕಿಂಗಿನ ಗೆಳೆಯರಿಗೆಲ್ಲ ಹೇಳಿ, ಆ ರಸ್ತೆಯ ಹತ್ತಾರು ಮನೆಗಳಿಗೆ ಡಬ್ಬಿ ಹಿಡಿಸಿದ್ದವರೂ ಅವರೇ. ಒಂದೇ ದಬರಿಯಲ್ಲಿ ನಾಯಿಗೂ ಬೇಯುತ್ತದೆ ಎಂಬುದು ಅಲ್ಲಿ ಕೀರ್ತನಾ ಒಬ್ಬರನ್ನು ಬಿಟ್ಟು ಯಾರಿಗೂ ತಿಳಿದಿರಲಿಲ್ಲ. ಮುನಿಲಕ್ಷ್ಮಮ್ಮ ಅದನ್ನು ಮುಚ್ಚಿಟ್ಟಿರಲಿಲ್ಲ, ಬಾಯಿಬಿಟ್ಟು ಹೇಳಿಯೂ ಇರಲಿಲ್ಲ. ಮೇಷ್ಟ್ರಿಗೆ ಫೋನ್ ಮಾಡಿದರೆ, ಇವರು ಮಾತೆತ್ತುವ ಮೊದಲೇ ಅವರು ಶುರು ಮಾಡಿದರು.

"ಏನಮ್ಮ, ಇವತ್ತಿನ ಊಟ ಬಹಳ ಹಿತವಾಗಿತ್ತು. ಉಪ್ಪಿಲ್ಲ, ಖಾರ ಇಲ್ಲ, ಹೊಟ್ಟೆ ತಣ್ಣಗಿದೆ. ನಾಳೆಯಿಂದ ನನಗೆ ಇದನ್ನೇ ಕಳಿಸು."

ಮುನಿಲಕ್ಷ್ಮಮ್ಮ "ಹ್ಞೂಂ" ಎಂದು ಫೋನಿಟ್ಟರು. "ಸುಮ್ನಿರೇ, ತಿಂದೂ ಆಯ್ತು, ಅರಗಿದ್ದೂ ಆಯ್ತು," ಎಂದರು ಬೈರಪ್ಪ. ಹೇಳಿದರೆ ಒಂದು ರಸ್ತೆಯ ವ್ಯಾಪಾರವೇ ಕೈಬಿಡುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಆದರೆ ಮುನಿಲಕ್ಷ್ಮಮ್ಮನವರಿಗೆ ಮನಸ್ಸು ಕೇಳಲಿಲ್ಲ. "ಹೊಗಳಿಸ್ಕೊಂಡು ಸುಮ್ನೆ ಕೂತ್ಕೊಳೋಕೆ ನನ್ನ ಕೈಲಾಗಲ್ಲ ಸಾರ್. ಬೈಸ್ಕೊಂಡ್ರೆ ಬೇಕಾದ್ರೆ ತಡ್ಕೋತೀನಿ." ಸಂಜೆಯೇ ಬಸ್ಸು ಹತ್ತಿ ಮೇಷ್ಟ್ರ ಗೇಟಿನ ಮುಂದೆ ನಿಂತು ನಡೆದದ್ದನ್ನೆಲ್ಲ ಹೇಳಿದರು.

"ನಾಯಿಗೆ ಬೇಯಿಸೋ ಪಾತ್ರೆಯಲ್ಲೇ ನಮಗೂನಾ?" ಎಂದರು ಮೇಷ್ಟ್ರು. ಅಷ್ಟು ಹೇಳಿ ಒಳಗೆ ಹೋದರು. ಮರುದಿನ ಆ ರಸ್ತೆಯ ಮನೆಗಳಿಂದ ಒಂದಾದ ಮೇಲೊಂದರಂತೆ ಡಬ್ಬಿ ಬೇಡವೆಂದು ಫೋನ್ ಬಂತು. ಕೀರ್ತನಾ ಎಷ್ಟು ವಿವರಿಸಿದರೂ ಯಾರೂ ಕಿವಿಗೊಡಲಿಲ್ಲ.

ಮುನಿಲಕ್ಷ್ಮಮ್ಮ ಕುಂಬಳಕಾಯಿಯನ್ನು ಕಡಿಮೆ ತರಿಸತೊಡಗಿದರು. ದಬರಿ ಅರ್ಧಕ್ಕೆ ಬಂತು. ಹಾಗೆ ಕೆಲವು ವಾರ ಕಳೆದ ಮೇಲೆ ಒಂದು ನಸುಕಿನಲ್ಲಿ, ಮಂಕಿ ಟೋಪಿ ಹಾಕಿಕೊಂಡ ಒಬ್ಬರು ಆಟೋ ಇಳಿದು ಈ ಹೊಸ್ತಿಲಿನ ಆಚೆ, ಸರಿಯಾಗಿ ನಾನು ನಿಂತಿರುವ ಜಾಗದಲ್ಲೇ ಬಂದು ನಿಂತರು. ಹೋಟೆಲಿನ ಊಟದಿಂದ ಹೊಟ್ಟೆ ಕೆಡಿಸಿಕೊಂಡಿದ್ದ ವಿಶ್ವಾರಾಧ್ಯ ಮೇಷ್ಟ್ರು. "ನೀನು ಮಾಡೋದನ್ನ ನೋಡಬೇಕು," ಎಂದಷ್ಟೇ ಹೇಳಿದರು.

ಮುನಿಲಕ್ಷ್ಮಮ್ಮ ಎಂದಿನಂತೆ ಮಾಡಿದರು. ಮೊದಲ ಸೌಟು ತೆಗೆದರು, ಆರಿಸಿದರು, ಒಂದು ತುತ್ತು ತಾವು ತಿಂದರು.

"ನಾಯಿಗೆ ಹಾಕೋ ಅನ್ನ ನೀನ್ಯಾಕೆ ತಿಂತೀಯ?" ಮೇಷ್ಟ್ರಿಗೆ ಆಶ್ಚರ್ಯ.

"ತಿನ್ನದೆ ಹೆಂಗ್ ಕಳಿಸ್ಲಿ ಮೇಷ್ಟ್ರೇ? ಬೇಳೆ ಬೇಯದೆ ಇದ್ರೆ ನೀವು ಫೋನ್ ಮಾಡಿ ಬೈತೀರ. ಅದು ಯಾರಿಗೆ ಫೋನ್ ಮಾಡುತ್ತೆ?"

ಮೇಷ್ಟ್ರು ಟೋಪಿ ತೆಗೆದರು. ಕಡ್ಲೆಯನ್ನು ದಾಟಿ ಒಳಗೆ ಬಂದು, ಬೈರಪ್ಪನ ಚಾಪೆಯ ಅಂಚಿನಲ್ಲಿ ಕೂತು, ಕೈ ಚಾಚಿದರು. ಒಂದು ತುತ್ತು ತಿಂದು, "ಇದೇ. ಅವತ್ತಿನದು ಇದೇ," ಎಂದರು. ಇದನ್ನು ಹೇಳುವಾಗ ಮುನಿಲಕ್ಷ್ಮಮ್ಮನವರಿಗೆ ನಗುವೂ ಕಣ್ಣೀರೂ ಒಟ್ಟಿಗೇ ಬರುತ್ತವೆ.

ಈಗ ಮೇಷ್ಟ್ರ ಡಬ್ಬಿಯ ಮೇಲೂ ಕೆಂಪು ಬೊಟ್ಟಿದೆ. ಫೋನಿನಲ್ಲಿ ಮಾತಿಗೆ ಸಿಕ್ಕ ಅವರು ನಾಚಿಕೆ ಏನೂ ಪಡುವುದಿಲ್ಲ. "ಹೆಂಡತಿ ತುಮಕೂರಿನಿಂದ ಬಂದಳು. ಲಡ್ಡು ಊಟ ತಿನ್ನೋರಿಗೆ ನಾನ್ಯಾಕೆ ಅಡುಗೆ ಮಾಡ್ಲಿ ಅಂತ ದಿನಾ ಆಡ್ಕೋತಾಳೆ. ಹಾಗಂತ ನನ್ನ ಡಬ್ಬಿಗೆ ಅವಳೂ ಕೈ ಹಾಕ್ತಾಳೆ," ಎನ್ನುತ್ತಾರೆ. ಬಾಳೇಶನಿಗೆ ಮಾತ್ರ ಮುಂದಿನ ಆಯುಧಪೂಜೆಗೆ ಕಟ್ಟಪ್ಪಣೆಯಾಗಿದೆ, ಕುಂಕುಮ ಏನಿದ್ದರೂ ಡಬ್ಬಿಯ ತಳಕ್ಕೆ.

ಬಿಟ್ಟುಹೋದ ಮನೆಗಳಲ್ಲಿ ಕೆಲವು ಮೇಷ್ಟ್ರ ಮಾತಿನ ಮೇಲೆ ಮರಳಿವೆ. ಉಳಿದವು ಇನ್ನೂ ಬಂದಿಲ್ಲ. ನಾಯಿಗೆ ಬೇರೆ ಪಾತ್ರೆ ಇಟ್ಟರೆ ಬರುತ್ತೇವೆ ಎಂದು ಹೇಳಿ ಕಳಿಸಿದ್ದಾರೆ. ಕೀರ್ತನಾ ಮತ್ತು ನಾಯಿ ಸಾಕಿದ ಅವರ ಗೆಳತಿಯರು ಹೊಸ ಪಾತ್ರೆಯನ್ನು ತಾವೇ ಕೊಡಿಸಲು ಮುಂದೆ ಬಂದರು. ಒಂದು ಪಾತ್ರೆ ಇಟ್ಟರೆ ರಸ್ತೆಗೆ ರಸ್ತೆಯೇ ವಾಪಸು. ಬೈರಪ್ಪನಿಗೂ ಅದೇ ಸರಿ ಅನ್ನಿಸಿದೆ. ಮುನಿಲಕ್ಷ್ಮಮ್ಮ ಒಪ್ಪಿಲ್ಲ. ಮಾತಾಡುತ್ತಲೇ ಅವರು ಬೇಸಿನ್ನಿನಿಂದ ಒಂದು ತುತ್ತು ನನ್ನತ್ತ ಚಾಚುತ್ತಾರೆ. ಬೇರೆ ದಾರಿಯಿಲ್ಲದೆ ಕಡ್ಲೆಯನ್ನು ದಾಟುತ್ತೇನೆ. ಅದು ಬಾಲ ಕೂಡ ಅಲ್ಲಾಡಿಸುವುದಿಲ್ಲ. ಬಾಯಲ್ಲಿ ಕುಂಬಳದ ಸಿಹಿ, ಬೇಳೆಯ ನುಣುಪು.

ಒಪ್ಪದಿರಲು ಕಾರಣವೇನು ಎಂದು ಕೇಳುತ್ತೇನೆ. ಅವರು ದಬರಿಯ ಅಂಚು ಒರೆಸುತ್ತಾ ಹೇಳುತ್ತಾರೆ:

"ಎರಡು ಪಾತ್ರೆ ಇಟ್ರೆ, ಬೇಳೆ ದುಬಾರಿ ಆದ ದಿನ ನಾಯಿ ಪಾತ್ರೆಗೆ ಕಮ್ಮಿ ಹಾಕ್ತೀನಿ. ಮುಗ್ಗಲು ಅಕ್ಕಿ ಉಳಿದ್ರೆ ಅದಕ್ಕೆ ಸುರೀತೀನಿ. ನಾನೇನು ದೇವತೆ ಅಲ್ಲ ಸಾರ್, ನನ್ನ ಬುದ್ಧಿ ನನಗೆ ಗೊತ್ತು. ಒಂದೇ ದಬರಿ ಆದ್ರೆ ಆ ಬುದ್ಧಿ ಓಡಲ್ಲ. ಪಾತ್ರೆ ಕೊಡಿಸ್ತೀವಿ ಅಂದ ಆ ಹುಡುಗೀರಿಗೆ ಹೇಳಿದೀನಿ, ಕೊಡ್ಸೋದೇ ಆದ್ರೆ ಇನ್ನೊಂದು ಬೇಡ ಕಣ್ರಮ್ಮ, ಇದಕ್ಕಿಂತ ದೊಡ್ಡದು ಒಂದು ಕೊಡ್ಸಿ ಅಂತ."