ಬಂಡೆ ಕಂಬದ ಹದ್ದು

ಈಚೆಗೆ ನನ್ನ ಕುತ್ತಿಗೆ ನೋಯುತ್ತಿದೆ. ಇದೊಂದು ಸುದ್ದಿಯಲ್ಲ ಎಂಬುದು ನನಗೂ ಗೊತ್ತು. ಹುಮನಾಬಾದಿನ ಡಾಕ್ಟರು ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಸಂತೆಯಲ್ಲಿ ಕುಂಬಳಕಾಯಿ ಪರೀಕ್ಷಿಸುವವರ ಹಾಗೆ ಆ ಕಡೆ ಈ ಕಡೆ ತಿರುಗಿಸಿ, ಎಲ್ಲರಿಗೂ ಹೇಳುವ ಮಾತನ್ನೇ ನನಗೂ ಹೇಳಿದರು: "ಮೊಬೈಲ್ ಕಮ್ಮಿ ಮಾಡ್ರಿ, ತಲಿ ಬಗ್ಗಿಸಿ ಕೂಡಬ್ಯಾಡ್ರಿ." ನನ್ನದು ತಲೆ ಬಗ್ಗಿಸಿ ಬಂದ ನೋವಲ್ಲ, ಎತ್ತಿ ಎತ್ತಿ ಬಂದದ್ದು ಎಂದೆ. ಅವರಿಗೆ ಅದು ಗರ್ವದ ಮಾತಾಗಿ ಕೇಳಿಸಿರಬೇಕು; ಎಣ್ಣೆಯೊಂದನ್ನು ಬರೆದುಕೊಟ್ಟು ಮುಂದಿನವರನ್ನು ಕರೆದರು.

ಇಪ್ಪತ್ತೈದು ವರ್ಷ ತಾಲ್ಲೂಕು ವರದಿಗಾರನಾಗಿ ದುಡಿದವನಿಗೆ ನೆಲ ನೋಡುವುದೇ ಉದ್ಯೋಗ. ರಸ್ತೆಯ ಗುಂಡಿ, ತುಂಬಿದ ಚರಂಡಿ, ಸಭೆಯಲ್ಲಿ ಉರುಳಿದ ಕುರ್ಚಿ, ಎಲ್ಲವೂ ಮೊಣಕಾಲಿನ ಮಟ್ಟದಲ್ಲೇ ಸಿಗುತ್ತವೆ. ಈಗ ನಾನು ಬಸ್ಸಿನಲ್ಲಿ ಕೂತರೂ, ಬಜಾರಿನಲ್ಲಿ ನಡೆದರೂ ಕರೆಂಟಿನ ಕಂಬಗಳ ತುದಿಯನ್ನೇ ನೋಡುತ್ತೇನೆ. ಮೊನ್ನೆ ಹೀಗೆ ಊರ್ಧ್ವದೃಷ್ಟಿಯಲ್ಲಿ ನಡೆಯುತ್ತ ಪೇರಲದ ಗಾಡಿಗೆ ಢಿಕ್ಕಿ ಹೊಡೆದೆ. ಗಾಡಿಯವನು ಉರುಳಿದ ಹಣ್ಣುಗಳನ್ನು ಆಯ್ದುಕೊಳ್ಳುತ್ತ, "ಯಾಕ್ರಿ ಸಾಹೇಬ್ರ, ಮ್ಯಾಲಿನೂ ಎಲೆಕ್ಷನ್ ನಡದದೇನ್ರಿ?" ಎಂದು ಕೇಳಿದ. ಉತ್ತರ ಕೊಡಲು ಹೋದರೆ ಅವನ ವ್ಯಾಪಾರ ಕೆಡುತ್ತಿತ್ತು. ನಿಮಗೆ ಪುರುಸೊತ್ತಿದ್ದರೆ ನಿಮಗೇ ಹೇಳುತ್ತೇನೆ.

ಹೊಲದ ನಡುವಿನ ಒಂದು ಕಂಬವನ್ನು ನೆನಪಿಸಿಕೊಳ್ಳಿ. ತುದಿಯಲ್ಲಿ ಕಬ್ಬಿಣದ ಅಡ್ಡಪಟ್ಟಿ, ಅದರ ಮೇಲೆ ಪಿಂಗಾಣಿ ಬಟ್ಟಲುಗಳು, ಮೂರು ತಂತಿ. ಗುಬ್ಬಿ, ಕಾಜಾಣಗಳು ಅಲ್ಲಿ ಕೂತು ಇಡೀ ದಿನ ಕಳೆದರೂ ಏನೂ ಆಗುವುದಿಲ್ಲ, ಏಕೆಂದರೆ ಅವುಗಳ ದೇಹ ಒಂದು ತಂತಿಯಿಂದ ಇನ್ನೊಂದಕ್ಕೆ ನಿಲುಕುವಷ್ಟು ದೊಡ್ಡದಲ್ಲ. ದೊಡ್ಡ ಕಂದು ಹದ್ದು ಹಾಗಲ್ಲ. ಅದು ಕೂರುವಾಗ, ಏಳುವಾಗ ರೆಕ್ಕೆ ಬಿಚ್ಚಲೇಬೇಕು. ಬಿಚ್ಚಿದ ರೆಕ್ಕೆ ಎರಡು ತಂತಿಗಳನ್ನು ಒಟ್ಟಿಗೆ ಮುಟ್ಟಿದರೆ ಅಥವಾ ತಂತಿಯನ್ನೂ ಕಬ್ಬಿಣವನ್ನೂ ಕೂಡಿಸಿದರೆ ಅಲ್ಲಿಗೆ ಮುಗಿಯಿತು. ಆಕಾಶವನ್ನೇ ಆಳುವಷ್ಟು ದೊಡ್ಡದಾಗಿರುವುದೇ ಅದರ ಅಪರಾಧ.

ಇದು ನನಗೆ ತಿಳಿದದ್ದು ನನ್ನದೇ ಒಂದು ಸುದ್ದಿಯಿಂದ. ಕಳೆದ ವರ್ಷ ಹುಮನಾಬಾದ್ ಮತ್ತು ಬಸವಕಲ್ಯಾಣದ ನಡುವಿನ ಕೆಲವು ಹಳ್ಳಿಗಳಲ್ಲಿ ಅರ್ಧ ದಿನ ಕರೆಂಟ್ ಹೋಗಿತ್ತು. ನಾನು ಎರಡು ಸಾಲು ಬರೆದು, 'ತಾಂತ್ರಿಕ ಕಾರಣದಿಂದ' ಎಂದು ಮುಗಿಸಿದ್ದೆ. ಮರುದಿನ ಚಹಾದ ಅಂಗಡಿಯಲ್ಲಿ ಲೈನ್‌ಮನ್ ಶರಣಪ್ಪ ಸಿಕ್ಕ. ನನ್ನ ಪತ್ರಿಕೆಯನ್ನು ಬೆಂಚಿನ ಮೇಲಿಟ್ಟು, ಎರಡೂ ತೋಳುಗಳನ್ನು ಆದಷ್ಟು ಅಗಲಕ್ಕೆ ಚಾಚಿ, "ನಿಮ್ಮ ತಾಂತ್ರಿಕ ಕಾರಣ ಇಷ್ಟುದ್ದ ಇತ್ರಿ. ನನ್ನ ಕೈ ಸಾಲಲ್ಲ," ಎಂದ.

ಅವನ ಮೋಟಾರ್ ಸೈಕಲ್ಲಿನ ಹಿಂದೆ ಕೂತು ಹೋದೆ. ಊರಿನ ಹೆಸರು ಹೇಳುವುದಿಲ್ಲ. ಗೂಡು ಇರುವ ಜಾಗ ಪತ್ರಿಕೆಯಲ್ಲಿ ಬಂದರೆ ಮರುದಿನವೇ ಅದರ ಕೆಳಗೆ ಜನ ಫೋಟೊ ತೆಗೆಯಲು ನಿಲ್ಲುತ್ತಾರೆ. ಒಂದು ಕಡೆ ಕಬ್ಬು, ಇನ್ನೊಂದು ಕಡೆ ಕೆಂಪು ಗರಸು ಮಣ್ಣಿನ ಮುರ್ರಂ ದಿಬ್ಬ, ನಡುವೆ ಯಾರಿಗೂ ಸೇರದ ದನ ಮೇಯಿಸುವ ಗೈರಾಣ. ಅಲ್ಲೊಂದು ಚಪ್ಪಟೆ ಕರಿ ಬಂಡೆ, ಬಂಡೆಯ ಪಕ್ಕದಲ್ಲೇ ಕಂಬ. ಕಂಬದ ಬುಡದಲ್ಲಿ ಹೊಸ ಮಣ್ಣಿನ ಗುಪ್ಪೆ, ಅದರ ಎದುರು ಕೋಲು ಊರಿಕೊಂಡು ನಿಂತ ಕುರಿ ಕಾಯುವ ಭಾಗಮ್ಮ. ಹದ್ದನ್ನು ಹೂಳಿದವರು ಅವರೇ.

ಅವರ ಮನೆತನದಲ್ಲೊಂದು ಪದ್ಧತಿ. ಮಂದೆಯಲ್ಲಿ ಸತ್ತು ಹುಟ್ಟಿದ ಮರಿ, ಕುರಿ ಈದಾಗ ಬೀಳುವ ಮಾಸು, ಇವನ್ನು ಹೂಳುವುದಿಲ್ಲ, ನಾಯಿಗೂ ಹಾಕುವುದಿಲ್ಲ. ಆ ಬಂಡೆಯ ಮೇಲಿಟ್ಟು ಬರುತ್ತಾರೆ. ಅದು ಹದ್ದಿನ ಪಾಲು. ಪಾಲು ಸಿಕ್ಕ ಹದ್ದು ಬದುಕಿದ ಮರಿಗಳ ಗೊಡವೆಗೆ ಬರುವುದಿಲ್ಲ ಎಂಬ ನಂಬಿಕೆ. ಭಾಗಮ್ಮನವರ ಅತ್ತೆ ಇಡುತ್ತಿದ್ದರು, ಅತ್ತೆಯ ಅತ್ತೆಯೂ ಇಡುತ್ತಿದ್ದರು. ಆಮೇಲೆ ಪಂಪ್‌ಸೆಟ್ಟಿನ ಲೈನು ಬಂತು. ತಮ್ಮ ಹೊಲದಲ್ಲಿ ಕಂಬ ಬೇಡವೆಂದು ಎಲ್ಲರೂ ತಕರಾರು ತೆಗೆದಾಗ, ತಕರಾರು ತೆಗೆಯುವವರಿಲ್ಲದ ಒಂದೇ ಜಾಗ ಸಿಕ್ಕಿತು. ಅದು ಆ ಬಂಡೆಯ ಮಗ್ಗುಲು. ಹದ್ದು ಬಂಡೆಗೆ ಇಳಿಯುವ ಮುನ್ನ ಕಂಬದ ಮೇಲೆ ಕೂತು ಸುತ್ತ ನೋಡುವುದನ್ನು ಕಲಿಯಿತು.

"ನಾ ಇಟ್ಟ ಕೂಳೇ ಅದನ್ನ ಕೊಂದಿತ್ರಿ, ಅಣ್ಣಾ," ಎಂದರು ಭಾಗಮ್ಮ. ನನ್ನ ಕೈಯಲ್ಲಿ ಟಿಪ್ಪಣಿ ಪುಸ್ತಕವಿತ್ತು. ಬರೆದುಕೊಳ್ಳಲಿಲ್ಲ.

ಸತ್ತದ್ದು ಗಂಡು. ಈ ಸೀಮೆಯಲ್ಲಿ ಮೊದಲು ಎಷ್ಟು ಜೋಡಿಗಳಿದ್ದವು ಎಂದು ಎಣಿಸಿಟ್ಟವರು ನನಗೆ ಸಿಕ್ಕಿಲ್ಲ, ಆದ್ದರಿಂದ ಅಂಕಿ ಕೊಡಲಾರೆ. ಭಾಗಮ್ಮನವರಿಗೆ ಗೊತ್ತಿದ್ದದ್ದು ಈಗ ಇದೊಂದೇ ಗೂಡು. ಅವರು ಅಂದಿನಿಂದ ಪಾಲು ಇಡುವುದನ್ನೇ ಬಿಟ್ಟರು. ಹೆಣ್ಣು ಹದ್ದು ಮಾತ್ರ ಬಂಡೆ ಕಂಬಕ್ಕೆ ಬಂದು ಕೂರುವುದನ್ನು ಬಿಡಲಿಲ್ಲ. ಚಳಿಗಾಲದಲ್ಲಿ ಎಲ್ಲಿಂದಲೋ ಹೊಸ ಗಂಡು ಬಂತು, ದಿಬ್ಬದ ಜಾಲಿಮರದ ಗೂಡಿನಲ್ಲಿ ಒಂದು ಮರಿಯಾಯಿತು. ನಾನು ಅರ್ಜಿ ಬರೆದೆ, ಶರಣಪ್ಪ ಅದನ್ನು ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದ, ಎಂಜಿನಿಯರ್ ಸಾಹೇಬರು ಕೊನೆಗೆ ತಂತಿಗೆ ತೊಡಿಸುವ ದಪ್ಪ ರಬ್ಬರಿನ ಕವಚಗಳನ್ನು ಕೊಟ್ಟರು. ಮೂರು ಕಂಬಗಳಿಗೆ ಸಾಕಾಗುವಷ್ಟು. ಅಷ್ಟರಲ್ಲಿ ಮಾರ್ಚ್ ಬಂದಿತ್ತು, ಮರಿ ಗೂಡಿನ ಅಂಚಿನಲ್ಲಿ ನಿಂತು ರೆಕ್ಕೆ ಬಡಿಯತೊಡಗಿತ್ತು.

ಕಂಬ ಹತ್ತುವ ಮೊದಲು ಶರಣಪ್ಪ ಸಬ್‌ಸ್ಟೇಷನ್ನಿಗೆ ಫೋನ್ ಮಾಡಿ 'ಲೈನ್ ಕ್ಲಿಯರ್' ತೆಗೆದುಕೊಳ್ಳಬೇಕು. ಅವರು ಕರೆಂಟ್ ತೆಗೆದು, ಪುಸ್ತಕದಲ್ಲಿ ಅವನ ಹೆಸರು ಬರೆಯುತ್ತಾರೆ. ಆಮೇಲೆ ಅವನೇ ಫೋನ್ ಮಾಡಿ ಹಿಂದಿರುಗಿಸುವವರೆಗೆ ಬೇರೆ ಯಾರು ಹೇಳಿದರೂ ಕರೆಂಟ್ ಕೊಡುವಂತಿಲ್ಲ. ನಮಗೆ ಸಿಕ್ಕದ್ದು ಬೆಳಗಿನ ಹತ್ತರಿಂದ ಹನ್ನೆರಡು. ಹನ್ನೆರಡಕ್ಕೆ ಕಬ್ಬಿಗೆ ನೀರು ಬಿಡುವವರ ಕರೆಂಟಿನ ಪಾಳಿ.

ನಾವು ಮಾಡಿದ ತಪ್ಪು ಇಲ್ಲಿದೆ. ಭಾಗಮ್ಮ ಬೆಳಿಗ್ಗೆಯೇ, "ಮೊದಲ ಬಂಡೆ ಕಂಬ ಮಾಡ್ರಿ," ಎಂದಿದ್ದರು. ಶರಣಪ್ಪನ ಕಾಗದದಲ್ಲಿ ಕಂಬಗಳಿಗೆ ನಂಬರುಗಳಿದ್ದವು, ಬಂಡೆ ಕಂಬ ಮೂರನೆಯದು. ಗೂಡಿಗೆ ಹತ್ತಿರವಿದ್ದದ್ದು ಮೊದಲನೆಯದು. ಗೂಡಿನಿಂದ ಹೊರಟ ಮರಿ ಹತ್ತಿರದ ಕಂಬಕ್ಕೇ ಬರುತ್ತದೆ ಎಂದು ನಾನು ತರ್ಕ ಮಾಡಿದೆ. ಕ್ರಮ ತಪ್ಪಿದ ವರದಿಯನ್ನು ಜೀವಮಾನವಿಡೀ ತಿದ್ದಿದವನು ನಾನು. "ನಂಬರ್ ಪ್ರಕಾರ ಹೋಗೋಣ," ಎಂದೆ. ಭಾಗಮ್ಮ ನನ್ನನ್ನು ಒಮ್ಮೆ ನೋಡಿ ಕುರಿಗಳ ಕಡೆ ತಿರುಗಿದರು.

ಎರಡನೆಯ ಕಂಬ ಮುಗಿಸಿ ಶರಣಪ್ಪ ಇಳಿಯುವಾಗ ಹನ್ನೊಂದೂವರೆ. ಆಗ ಮರಿ ಗೂಡು ಬಿಟ್ಟಿತು. ಹಾರಿತು ಎನ್ನುವುದಕ್ಕಿಂತ ಬೀಳುತ್ತ ಬೀಳುತ್ತ ಗಾಳಿಯನ್ನು ಹಿಡಿದುಕೊಂಡಿತು ಎನ್ನಬೇಕು. ಮೊದಲ ಕಂಬವನ್ನು ದಾಟಿತು. ಎರಡನೆಯದನ್ನು ದಾಟಿತು. ತಾಯಿ ದಿನವೂ ಕೂರುವುದನ್ನು ಅದು ಗೂಡಿನಿಂದ ಎಷ್ಟು ದಿನ ನೋಡಿತ್ತೋ, ನೆಟ್ಟಗೆ ಬಂಡೆ ಕಂಬಕ್ಕೆ ಹೋಗಿ, ಬರಿ ತಂತಿಗಳ ನಡುವೆ, ಕಬ್ಬಿಣದ ಪಟ್ಟಿಯನ್ನು ಎರಡೂ ಕಾಲಿನಿಂದ ಅವುಚಿಕೊಂಡು ಕೂತಿತು.

ಅಟ್ಟುವಂತಿರಲಿಲ್ಲ. ಆ ಕಡೆ ರಸ್ತೆಯ ಪಕ್ಕದಲ್ಲಿ ಇನ್ನೊಂದು ಲೈನು, ಅದರಲ್ಲಿ ಕರೆಂಟ್ ಹರಿಯುತ್ತಲೇ ಇತ್ತು. ಹೆದರಿ ಹಾರಿದರೆ ಹೋಗುವುದು ಅಲ್ಲಿಗೇ. ಅದೇ ಕಾರಣಕ್ಕೆ ಹತ್ತುವಂತೆಯೂ ಇರಲಿಲ್ಲ. ಹನ್ನೆರಡು ಆಯಿತು. ಶರಣಪ್ಪನ ಫೋನ್ ರಿಂಗಾಗತೊಡಗಿತು.

"ಕೆಲಸಾ ಮುಗಿದಿಲ್ರಿ ಸರ್... ಇಲ್ರಿ, ಒಂದು ಕಂಬ ಬಾಕಿ ಅದ... ಯಾಕಂದ್ರ ಕಂಬದ ಮ್ಯಾಲ ಪೇಷಂಟ್ ಕುಂತದರಿ." ಆ ಕಡೆಯ ಬೈಗುಳ ನನಗೂ ಕೇಳಿಸಿತು.

ಹಿಂದೆಯೇ ವಿಠ್ಠಲರಾವ್ ಬಂದರು, ಕಬ್ಬಿನ ಗದ್ದೆಯ ಮಾಲಕರು. ಬೈಕನ್ನು ನಿಲ್ಲಿಸುವ ಮೊದಲೇ ಕೂಗು ಶುರುವಾಗಿತ್ತು. "ಏ ಶರಣಪ್ಪ! ಇವತ್ತಿನ ಪಾಳಿ ನಂದು. ಕಬ್ಬು ಬಾಡಾಕತ್ತದ, ನೀ ಇಲ್ಲಿ ಹದ್ದಿನ ಬಾಳಂತನ ಮಾಡಾಕತ್ತೀಯೇನು?"

"ಕಾಕಾ, ಜರಾ ಸಬೂರ್ ಮಾಡ್ರಿ."

"ಸಬೂರ್ ಮಾಡಿದ್ರ ಕಬ್ಬು ಬೆಳೀತದೇನು? ಫೋನ್ ಹಚ್ಚು, ಕರೆಂಟ್ ಬಿಡ್ಸು."

"ಬಿಡಸ್ತೀನ್ರಿ. ಅದು ರೆಕ್ಕಿ ಬಿಚ್ಚತದ, ಲೈನ್ ಟ್ರಿಪ್ ಆಗ್ತದ, ಹೋದ ವರ್ಷದಂಗ ಅರ್ಧ ದಿನ ಹೋಗ್ತದ. ಆವಾಗ ಪಾಳಿ ಯಾರ ಹತ್ರ ಕೇಳ್ತೀರಿ?"

ವಿಠ್ಠಲರಾವ್ ನನ್ನ ಕಡೆ ತಿರುಗಿ, "ನೀವರೇ ಬರೀರಲ್ಲ, ರೈತರಿಗೆ ಅನ್ಯಾಯ ಅಂತ?" ಎಂದರು. ಬರೆಯಬಹುದಿತ್ತು, ಅವರ ಮಾತಿನಲ್ಲಿ ಸುಳ್ಳಿರಲಿಲ್ಲ, ಹಿಂದಿನ ಗದ್ದೆಯಲ್ಲಿ ಎಲೆಗಳ ತುದಿ ಆಗಲೇ ಸುರುಳಿಯಾಗಿದ್ದವು. ನಿಷ್ಪಕ್ಷಪಾತವೆಂಬುದು ಎರಡೂ ಕಡೆಯವರಿಂದ ಸಮದೂರದಲ್ಲಿ ನಿಲ್ಲುವುದು ಎಂದು ನಾನು ಕಲಿತಿದ್ದೆ. ನಾನು ನಿಂತಿದ್ದ ಜಾಗ ಅಳತೆಗೆ ಬರೋಬರಿ ಇತ್ತು, ಪ್ರಯೋಜನಕ್ಕೆ ಮಾತ್ರ ಬರಲಿಲ್ಲ.

ಭಾಗಮ್ಮ ಅಲ್ಲಿರಲಿಲ್ಲ. ಅವರು ಮಂದೆಯೊಳಗಿನಿಂದ ಬಂದಾಗ ಕೈಯಲ್ಲೊಂದು ಹರಕು ಬುಟ್ಟಿಯಿತ್ತು. ಬೆಳಿಗ್ಗೆ ಕುರಿಯೊಂದು ಈದಿತ್ತು. ಬುಟ್ಟಿಯಲ್ಲಿ ಅದರ ಮಾಸು. ಒಂದು ವರ್ಷದಿಂದ ಕೈಯಿಂದ ಮುಟ್ಟದ ಪಾಲು. ಬಂಡೆಯ ಹತ್ತಿರ ಬಂದು ಕ್ಷಣಕಾಲ ನಿಂತರು. ಮೂರು ತಲೆಮಾರಿನ ಜಾಗ ಅದು. ಆಮೇಲೆ ಬಂಡೆಯನ್ನು ದಾಟಿ, ಲೈನಿಗೆ ಬೆನ್ನು ಹಾಕಿ, ಮುರ್ರಂ ದಿಬ್ಬದ ಕಡೆ ನಡೆಯತೊಡಗಿದರು.

"ಯವ್ವಾ, ಎಲ್ಲಿಗಿ?" ಎಂದ ಶರಣಪ್ಪ.

"ಅತ್ತಿ ಬೈದ್ರ ನಾ ಮ್ಯಾಲ ಹೋದಮ್ಯಾಲ ಬೈಸ್ಕೋತೀನಿ. ನೀ ಸುಮ್ನ ನಿಂದ್ರು."

ದಿಬ್ಬದ ನೆತ್ತಿಯಲ್ಲಿ ಬುಟ್ಟಿಯನ್ನು ಬೋರಲು ಹಾಕಿ, ದೂರ ಸರಿದು ಕೂತರು. ನಾವೂ ಕೂತೆವು. ವಿಠ್ಠಲರಾವ್ ಗಡಿಯಾರ ನೋಡಿಕೊಂಡರು, ಶರಣಪ್ಪ ರಿಂಗಾಗುತ್ತಿದ್ದ ಫೋನನ್ನು ತೊಡೆಯ ಕೆಳಗೆ ಅದುಮಿಟ್ಟ. ಎತ್ತರದಲ್ಲೊಂದು ಚುಕ್ಕೆ ಕಾಣಿಸಿತು. ಚುಕ್ಕೆ ತಾಯಿಹದ್ದಾಯಿತು. ಅದು ಅಭ್ಯಾಸದಂತೆ ಬಂಡೆ ಕಂಬದ ಮೇಲೆ ಒಂದು ಸುತ್ತು ಹಾಕಿತು. ಮತ್ತೊಂದು ಸುತ್ತು. ಆಮೇಲೆ ಓರೆಯಾಗಿ ಜಾರಿ ದಿಬ್ಬದ ಮೇಲೆ ಇಳಿಯಿತು. ಕಂಬದ ಮೇಲಿನ ಮರಿ ಕುತ್ತಿಗೆ ಚಾಚಿ ಕೂಗಿತು. ತಾಯಿ ತಲೆ ಎತ್ತಲಿಲ್ಲ, ತಿನ್ನುತ್ತಲೇ ಇತ್ತು. ಮರಿ ಮತ್ತೆ ಕೂಗಿತು, ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಹಾಕಿತು, ಕೊನೆಗೆ ಹಸಿವು ಹೆದರಿಕೆಯನ್ನು ಗೆದ್ದಿತು, ಅದು ದಿಬ್ಬದ ಕಡೆ ಹಾರಿತು.

"ಹತ್ತೋ ಶರಣಪ್ಪ!" ಎಂದು ಕೂಗಿದವರು ವಿಠ್ಠಲರಾವ್. ಏಣಿಯ ಬುಡ ಹಿಡಿದವರೂ ಅವರೇ. "ನನ್ನ ಪಾಳಿ ಉಳೀಲಿ ಅಂತ ಹಿಡದೀನಿ, ಪುಣ್ಯಾಕ್ಕಲ್ಲ," ಎಂದು ನನಗೆ ಸ್ಪಷ್ಟೀಕರಣವನ್ನೂ ಕೊಟ್ಟರು.

ಒಂದು ಗಂಟೆಗೆ ಸ್ವಲ್ಪ ಮುಂಚೆ ಕೊನೆಯ ಕವಚ ಕೂತಿತು. ಶರಣಪ್ಪ ಇಳಿದು, ಸಾಮಾನುಗಳನ್ನು ಒಂದೊಂದಾಗಿ ಮುಟ್ಟಿ ಚೀಲಕ್ಕೆ ಹಾಕಿ, ಎಲ್ಲರನ್ನೂ ದೂರ ನಿಲ್ಲಿಸಿ ಫೋನ್ ಮಾಡಿ ಲೈನ್ ಹಿಂದಿರುಗಿಸಿದ. ಆ ಕಡೆಯವರು ಕರೆಂಟ್ ಬಿಟ್ಟೆವೆಂದು ಹೇಳಿದ್ದೇ ತಡ, ವಿಠ್ಠಲರಾವ್ ಬೈಕ್ ಹತ್ತಿ ಮೋಟಾರಿನ ಕಡೆ ಓಡಿದರು.

ಮರಿ ವಾಪಸು ಬಂತು. ಬಂಡೆ ಕಂಬಕ್ಕೇ. ಇಷ್ಟು ಮಾಡಿದ ಮೇಲೂ ಅಲ್ಲಿಗೇ. ಕಾಲು ಹೊಸ ರಬ್ಬರಿನ ಮೇಲೆ ಬಿದ್ದು ಜಾರಿತು, ಆಯ ತಪ್ಪಿತು, ಸಾವರಿಸಿಕೊಳ್ಳಲು ಅದು ಎರಡೂ ರೆಕ್ಕೆಗಳನ್ನು ಪೂರ್ತಿ ಬಿಚ್ಚಿತು. ಒಂದರ ತುದಿ ಈ ಬದಿಯ ತಂತಿಯ ಮೇಲೆ, ಇನ್ನೊಂದರ ತುದಿ ಆ ಬದಿಯ ತಂತಿಯ ಮೇಲೆ. ನಾನು ಕಣ್ಣು ಮುಚ್ಚಿದೆ. ವರದಿಗಾರನಾದವನು ಮಾಡಬಾರದ ಕೆಲಸ ಅದು.

ತೆರೆದಾಗ ಮರಿ ರೆಕ್ಕೆಗಳನ್ನು ಮಡಿಸಿಕೊಳ್ಳುತ್ತಿತ್ತು. ಏನೂ ಆಗಿರಲಿಲ್ಲ. ಆದದ್ದನ್ನು ಬರೆಯುವುದೇ ನನ್ನ ಕೆಲಸ. ಆಗದೆ ಉಳಿದದ್ದಕ್ಕೆ ನಮ್ಮ ಪುಟಗಳಲ್ಲಿ ಜಾಗವೂ ಇಲ್ಲ, ತಲೆಬರಹವೂ ಇಲ್ಲ. ಆದರೂ ಊರುಗಳು ಉಳಿದಿರುವುದು ಬಹುಶಃ ಯಾರೋ ಕಾದು ಕೂತು ಆಗಗೊಡದೆ ಹೋದ ಇಂಥ ಸಂಗತಿಗಳಿಂದಲೇ ಇರಬೇಕು.

ಭಾಗಮ್ಮ ದಿಬ್ಬದಿಂದ ಇಳಿದು ಬಂದಿದ್ದರು. ಅವರಿಗೆ ನಂಬಿಕೆ ಇರಲಿಲ್ಲ. "ಕರೆಂಟ್ ಖರೇನೇ ಬಂದದೇನೋ? ಇಲ್ಲಾ ನನ್ನ ಸಮಾಧಾನಕ್ಕ ಹೇಳಾಕತ್ತೀಯಾ?"

ಶರಣಪ್ಪ ಉತ್ತರಿಸುವ ಮುಂಚೆಯೇ ಕಬ್ಬಿನ ಆಚೆ ಮೋಟಾರು ಗುರುಗುಟ್ಟಿತು. ಪೈಪು ಎರಡು ಸಲ ಕೆಮ್ಮಿ, ಗಾಳಿ ಕಾರಿ, ಆಮೇಲೆ ನೀರು ಬಂತು. ಕಾಲುವೆಯ ಒಣ ಕಸವನ್ನು ತಳ್ಳಿಕೊಂಡು ನಮ್ಮ ಕಡೆಗೇ ಹರಿದು ಬಂತು. ಭಾಗಮ್ಮ ನೀರನ್ನು ನೋಡಿದರು, ಕಂಬದ ಮೇಲೆ ಪುಕ್ಕ ತಿದ್ದಿಕೊಳ್ಳುತ್ತಿದ್ದ ಮರಿಯನ್ನು ನೋಡಿದರು, ಮತ್ತೆ ನೀರನ್ನು ನೋಡಿದರು. ಆಮೇಲೆ ಬದುವಿನ ಮೇಲೆ ಕೂತು, ಖಾಲಿ ಬುಟ್ಟಿಯನ್ನು ಆ ನೀರಿನಲ್ಲಿ ನಿಧಾನವಾಗಿ ತೊಳೆಯತೊಡಗಿದರು.