ಚುಕ್ಕೆ ಬಕದ ಚೀಟಿ

ಮೈಸೂರಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿದ ಹಿರಿಯರು ಅನೇಕರು; ಆದರೆ ಬಕಪಕ್ಷಿಯ ಮೈಮೇಲಿನ ಒಂದೊಂದು ಗೆರೆಯನ್ನೂ ಒಂದೊಂದು ಚುಕ್ಕೆಯನ್ನೂ ಅಕ್ಷರದಂತೆ ಓದಲು ಇಪ್ಪತ್ತು ವರ್ಷ ಕಲಿಸಿ, ತಾವೇ ತಪ್ಪಾಗಿ ಓದಿದ್ದನ್ನು ಕೆಂಪು ಮಸಿಯಲ್ಲಿ ಬರೆದು ಸಹಿ ಹಾಕಿದವರು ಶ್ರೀ ದೊರೆಸ್ವಾಮಿಯವರೊಬ್ಬರೇ. ಐವತ್ತೈದು ತುಂಬಿ ಅವರು ಈ ಜೂನ್‌ನಲ್ಲಿ ನಿವೃತ್ತರಾಗುತ್ತಿದ್ದಾರೆ. ಹೊಗಳಲು ಹೊರಟರೆ ಅವರು ಕನ್ನಡಕ ತೆಗೆದು ಒರೆಸುತ್ತಾ ಕೂತುಬಿಡುತ್ತಾರೆಂಬುದು ಬಲ್ಲವರಿಗೆಲ್ಲ ಗೊತ್ತು. ಆದ್ದರಿಂದ ಅವರ ತಪ್ಪಿನ ಕಥೆಯನ್ನೇ ಇಲ್ಲಿ ಹೇಳುವುದು ಲೇಸು.

1947ರಲ್ಲಿ ಅವರು ಲಷ್ಕರ್ ಮೊಹಲ್ಲಾದ ಬಾಡಿಗೆ ಮನೆಯಿಂದ ಸೈಕಲ್ ತುಳಿದುಕೊಂಡು ಕಾಲೇಜಿಗೆ ಬಂದಾಗ ಪ್ರಯೋಗಶಾಲೆಯಲ್ಲಿದ್ದದ್ದು ಮೂರು ಕಪಾಟು, ಹುಲ್ಲು ತುಂಬಿದ ಅರವತ್ತೆರಡು ಹಕ್ಕಿ. ಒಂದಕ್ಕೂ ಹೆಸರಿನ ಚೀಟಿಯಿರಲಿಲ್ಲ. ಎರಡು ವರ್ಷ ಕೂತು ಪ್ರತಿಯೊಂದಕ್ಕೂ ಚೀಟಿ ಬರೆದು ಪಟ್ಟಿಯನ್ನು ಅಚ್ಚು ಹಾಕಿಸಿದರು. ಚಿತ್ರ ಬರೆಯಲು ಅಂಜುವ ಮಕ್ಕಳಿಗಾಗಿ ದಿನವೂ ಪೆನ್ಸಿಲ್‌ಗಳನ್ನು ತಾವೇ ಬ್ಲೇಡಿನಿಂದ ಹೆರೆದಿಡುತ್ತಿದ್ದರು. ಎದೆಯ ಮೇಲೆ ಕಂದು ಗೀರಿರುವ ಕೊಳದ ಬಕವೂ ದ್ರಾಕ್ಷಿ ಬಣ್ಣದ ಬೆನ್ನಿನ ಬಕವೂ ಬೇರೆಯಲ್ಲ, ಒಂದೇ ಹಕ್ಕಿ ಸಂಸಾರದ ಕಾಲಕ್ಕೆ ಮದುವೆ ಸೀರೆ ಉಟ್ಟಂತೆ ಎಂದು ಅವರು ವಿವರಿಸುವುದನ್ನು ಕೇಳಿದವರು ಮರೆಯಲಾರರು. ಇಷ್ಟು ಬಲ್ಲವರು ಕಪಾಟಿನ ಪಕ್ಕದ ಗೂಡಿನಲ್ಲೇ ಎಡವಿದರು. ಕಂದು ಮೈ, ರೆಕ್ಕೆಯ ತುಂಬ ಬಿಳಿಯ ಚುಕ್ಕೆ ಇದ್ದ ಹಕ್ಕಿಗೆ ‘ಚುಕ್ಕೆ ಬಕ, ಪ್ರತ್ಯೇಕ ಜಾತಿ’ ಎಂದು ಬರೆದರು. ಸರಿಯಾದದ್ದನ್ನು ತಿಳಿಸಬೇಕಾಗಿದ್ದ ಪುಸ್ತಕದ ಆ ಹಾಳೆಯನ್ನು ಗೆದ್ದಲು ತಿಂದುಬಿಟ್ಟಿತ್ತು.

1955ರಲ್ಲಿ ಕುಂಬಾರಕೊಪ್ಪಲಿನ ಶಿವನಂಜಮ್ಮ ದೊರೆಸ್ವಾಮಿಯವರ ತರಗತಿಗೆ ಸೇರಿದರು. ತಾಯಿ ಬೋರಮ್ಮ ಎಮ್ಮೆಗೆ ಹುಲ್ಲು ಕೊಯ್ಯಲು ಕುಕ್ಕರಹಳ್ಳಿ ಕೆರೆ ಏರಿಗೆ ಹೋದಾಗ ಮಗಳೂ ಜೊತೆಗೆ ಹೋಗಿ, ಕಾಲಿನ ಒಂದು ಬೆರಳು ಕಳೆದುಕೊಂಡಿದ್ದ ಬಕವೊಂದನ್ನು ಮೂರು ವರ್ಷ ಬಿಡದೆ ಬರೆದರು. ಮೊದಲ ವರ್ಷ ಮೈತುಂಬ ಚುಕ್ಕೆ. ಮರುವರ್ಷ ಗರಿಯ ತುದಿ ಸವೆದು ಚುಕ್ಕೆ ಅಳಿಸಿತ್ತು. ಮೂರನೆಯ ವರ್ಷ ನೆತ್ತಿ ಕಪ್ಪು, ರೆಕ್ಕೆ ಬೂದಿ, ಥೇಟ್ ರಾತ್ರಿ ಹೊತ್ತು ಮೀನು ಹಿಡಿಯುವ ಇರುಳು ಬಕ. ಹಾಳೆಗಳನ್ನು ನೋಡಿ ದೊರೆಸ್ವಾಮಿಯವರು, “ಚೆನ್ನಾಗಿ ಬರೆದಿದ್ದೀಯ ಕಣಮ್ಮ. ಆದ್ರೆ ಬೆರಳಿಲ್ಲದ ಬಕ ಕೆರೇಲಿ ಒಂದೇ ಇರುತ್ತೇನು? ಇದು ಬೇರೆ, ಅದು ಬೇರೆ” ಎಂದು ಹಿಂದಕ್ಕೆ ಕೊಟ್ಟರು.

“ಮೂರು ವರ್ಷದಿಂದ ಒಂದೇ ಕೊಂಬೆ ಮೇಲೆ ಕೂರುತ್ತೆ ಸಾರ್” ಎಂದರು ಶಿವನಂಜಮ್ಮ. ಮೇಷ್ಟ್ರು ನಕ್ಕು ಮುಂದಿನವರ ಹಾಳೆ ಎತ್ತಿಕೊಂಡರು.

1958ರ ಮಾರ್ಚ್‌ನ ಕೊನೆಯ ಪರೀಕ್ಷೆಯಲ್ಲಿ ಕಪಾಟಿನ ಅದೇ ಚುಕ್ಕೆ ಹಕ್ಕಿ ಮೇಜಿನ ಮೇಲೆ ಬಂತು. ಶಿವನಂಜಮ್ಮ ‘ಇರುಳು ಬಕದ ಮರಿ’ ಎಂದು ಬರೆದರು. ಹೊರ ಊರಿಂದ ಬಂದಿದ್ದ ಪರೀಕ್ಷಕರು ಅಚ್ಚಾದ ಪಟ್ಟಿ ನೋಡಿ ಸೊನ್ನೆ ಹಾಕಿದರು. ಆ ಸೊನ್ನೆಯಿಂದ ಹುಡುಗಿ ಮೂರು ಅಂಕಕ್ಕೆ ಫೇಲು. ಈ ಸಲ ಫೇಲಾದರೆ ಓದು ಸಾಕು, ಗಂಡು ನೋಡುತ್ತೇವೆ ಎಂದು ಮನೆಯವರು ಮೊದಲೇ ಹೇಳಿಯಾಗಿತ್ತು. ಅಂಕಪಟ್ಟಿ ಮರುದಿನ ಮಧ್ಯಾಹ್ನ ಲಕೋಟೆ ಸೇರಬೇಕು. ಇತ್ತ, ಅಲ್ಲಿಯವರೆಗೆ ಪ್ರಯೋಗಶಾಲೆಯ ಡೆಮಾನ್‌ಸ್ಟ್ರೇಟರ್ ಆಗಿಯೇ ಇದ್ದ ದೊರೆಸ್ವಾಮಿಯವರ ಹೆಸರು ಲೆಕ್ಚರರ್ ಹುದ್ದೆಗೆ ಅದೇ ತಿಂಗಳು ಮೇಲಕ್ಕೆ ಹೋಗಿತ್ತು, ಅದೂ ಆ ಅಚ್ಚಾದ ಪಟ್ಟಿಯ ಬಲದ ಮೇಲೆ.

ಆ ಸೊನ್ನೆ ಕಂಡ ದೊರೆಸ್ವಾಮಿಯವರಿಗೆ ತಾವು ಹಿಂದಕ್ಕೆ ಕೊಟ್ಟ ಹಾಳೆಗಳು ನೆನಪಾದವು; ಮರುದಿನ ಬೆಳಿಗ್ಗೆ ಆರಕ್ಕೇ ಅವರು ಕೆರೆಯ ಏರಿಯ ಮೇಲಿದ್ದರು. ಹನ್ನೊಂದು ವರ್ಷ ಗಾಜಿನ ಹಿಂದಿನ ಹಕ್ಕಿಯನ್ನೇ ನೋಡಿದವರು ಗೂಡಿನ ಕಡೆಗೆ ತಲೆ ಎತ್ತಿದ್ದು ಆವತ್ತೇ. ಹುಲ್ಲು ಕೊಯ್ಯುತ್ತಿದ್ದ ಹೆಂಗಸೊಬ್ಬಳು, ಆಕೆಯೇ ಬೋರಮ್ಮನೆಂದು ಅವರಿಗೆ ತಿಳಿದದ್ದು ಆಮೇಲೆ, ಕುಡುಗೋಲು ನಿಲ್ಲಿಸಿ ಕೇಳಿದಳು: “ಏನ್ ಸೋಮಿ, ಒತ್ತಾರೆನೇ ಬಂದ್ಬುಟ್ರಿ?”

“ಆ ಚುಕ್ಕೆ ಹಕ್ಕಿ ಯಾವುದಮ್ಮಾ?”

“ಮರಿ ಕಣ್ ಸೋಮಿ ಅವು. ಚುಕ್ಕೆ ಸವುದ್ ಮೇಲೆ ಅವ್ವನಂಗೇ ಆಯ್ತವೆ.”

ಅಷ್ಟರಲ್ಲಿ ಕಪ್ಪು ನೆತ್ತಿಯ ಇರುಳು ಬಕ ಬಂದಿಳಿಯಿತು. ಚುಕ್ಕೆಯ ಹಕ್ಕಿಗಳು ಕೊಕ್ಕು ತೆರೆದು ಅದರ ಮೇಲೆ ಬಿದ್ದವು. ಅದು ಗಂಟಲಿಂದ ಮೀನು ಕಕ್ಕಿ ಉಣಿಸಿತು. ದೊರೆಸ್ವಾಮಿಯವರಿಗೆ ನಾಚಿಕೆಯೂ ಆಯಿತು, ಹೇಳಲಾರದಷ್ಟು ಸಂತೋಷವೂ ಆಯಿತು.

ನೇರ ಕಾಲೇಜಿಗೆ ಬಂದು ಸೊನ್ನೆ ತಿದ್ದಿ ಎಂದರೆ ಪರೀಕ್ಷಕರು ಸುಲಭಕ್ಕೆ ಬಗ್ಗಲಿಲ್ಲ. “ಪಟ್ಟಿಯಲ್ಲಿ ಅಚ್ಚಾಗಿದೆಯಲ್ರೀ” ಎಂದರು.

“ಅಚ್ಚು ಹಾಕಿಸಿದವನೇ ನಾನು ಸ್ವಾಮಿ. ತಪ್ಪು ನನ್ನದು, ಹುಡುಗಿಯದಲ್ಲ.”

“ಹಾಗಂತ ಬರೆದು ಸಹಿ ಹಾಕಿಕೊಡ್ತೀರಾ? ನಿಮ್ಮ ಹುದ್ದೆ ವಿಚಾರ ಬೇರೆ ನಡೀತಿದೆ.”

ಅವರು ಬರೆದುಕೊಟ್ಟರು. ಅಷ್ಟಕ್ಕೇ ನಿಲ್ಲದೆ ಕಪಾಟು ತೆರೆದು, ಹಳೆಯ ಚೀಟಿಯನ್ನು ಹರಿಯದೆ, ಅದರ ಮೇಲೆ ಕೆಂಪು ಗೆರೆ ಎಳೆದು ಕೆಳಗೆ ಬರೆದರು: ‘ಇರುಳು ಬಕದ ಮರಿ. ತಪ್ಪಿದವನು ದೊರೆಸ್ವಾಮಿ, ತಿದ್ದಿದವರು ಶಿವನಂಜಮ್ಮ.’ ಹುಡುಗಿ ಪಾಸಾದರು. ಆ ವರ್ಷದ ಹುದ್ದೆ ಬೇರೆಯವರ ಪಾಲಾಯಿತು. ಮೇಷ್ಟ್ರು ಇನ್ನೂ ಮೂರು ವರ್ಷ ಕಾಯಬೇಕಾಯಿತು. ಹೊಟ್ಟೆ ಉರಿಯಲಿಲ್ಲವೇ ಎಂದು ಕೇಳಿದವರಿಗೆ, ಉರಿಯಿತು, ಆದರೆ ನಿದ್ದೆ ಚೆನ್ನಾಗಿ ಬಂತು ಎಂದರು. ಅಂದಿನಿಂದ ಅವರ ಯಾವ ಪಾಠವೂ ಕೆರೆಯ ಏರಿ ಹತ್ತದೆ ಮುಗಿಯಲಿಲ್ಲ.

ಆ ಶಿವನಂಜಮ್ಮನವರು ಈಗ ಆರು ವರ್ಷದಿಂದ ಅದೇ ವಿಭಾಗದಲ್ಲಿ ಪಾಠ ಹೇಳುತ್ತಿದ್ದಾರೆ. ಕಪಾಟಿನ ಬೀಗದ ಕೈ ಅವರ ಸೆರಗಿನಲ್ಲಿದೆ. ಕಳೆದ ತಿಂಗಳು ಕಪಾಟುಗಳಿಗೆ ಬಣ್ಣ ಹೊಡೆಸಿದಾಗ ದೊರೆಸ್ವಾಮಿಯವರು, “ಆ ಮಾಸಿದ ಚೀಟಿ ತೆಗೆದುಬಿಡಮ್ಮ” ಎಂದರಂತೆ.

“ಇರಲಿ ಸಾರ್. ಹೊಸ ಮಕ್ಕಳಿಗೆ ಮೊದಲ ಪಾಠ ಅದೇ. ಉಳಿದ ಅರವತ್ತೊಂದನ್ನೂ ಸರಿ ನೋಡಬೇಕು, ಎಲ್ಲಾ ನೀವು ಬರೆದವೇ” ಎಂದು ಅವರು ಬೀಗದ ಇನ್ನೊಂದು ಕೈಯನ್ನು ಗುರುಗಳ ಅಂಗೈಯಲ್ಲಿಟ್ಟರು. ಮೇಷ್ಟ್ರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

ಪೂಜ್ಯರಾದ ದೊರೆಸ್ವಾಮಿಯವರು ಗಟ್ಟಿಮುಟ್ಟಾಗಿ ನೂರು ವರ್ಷ ಬಾಳಲಿ. ಸೈಕಲ್ ತುಳಿಯುವ ಕಾಲೂ ಚುಕ್ಕೆ ಎಣಿಸುವ ಕಣ್ಣೂ ಸೋಲದಿರಲಿ. ತಮ್ಮ ಇನ್ನಷ್ಟು ತಪ್ಪುಗಳನ್ನು ತಾವೇ ಕಂಡು ಸಂತೋಷಪಡಲಿ. ಕೆರೆಯಂತೂ ಅವರಿಗಾಗಿ ಕಾಯುತ್ತಿದೆ. ಬೆರಳಿಲ್ಲದ ಆ ಬಕ ಈ ಸಲವೂ ಅದೇ ಕೊಂಬೆಯಲ್ಲಿ ಗೂಡು ಕಟ್ಟಿದೆ. ಮೂರು ಮರಿ, ಮೈತುಂಬ ಚುಕ್ಕೆ.